ವೈನಿಗೊಂದು ಗುರುವಾರ

ಇಂಗ್ಲೆಂಡಿಗೆ ಹೋಗಿ ಬಂದವರು ಮೊದಲು ಚಳಿಯ ವಿಷಯ ಹೇಳಬೇಕು, ಆಮೇಲೆ ರಸ್ತೆ ಎಷ್ಟು ಸ್ವಚ್ಛ ಎಂದು ಹೇಳಬೇಕು, ಕೊನೆಗೆ ಏನೇ ಆದರೂ ನಮ್ಮೂರೇ ನಮಗೆ ಚೆಂದ ಅನ್ನಬೇಕು. ನಾನು ಮೂರನ್ನೂ ಹೇಳುವುದಿಲ್ಲ. ಚಳಿ ಇತ್ತು, ರಸ್ತೆ ಇತ್ತು, ಮುಗಿಯಿತು. ಅಲ್ಲಿಂದ ನಾನು ತಂದದ್ದು ಎರಡು ಪಾಕೀಟು ಚಾಕಲೇಟು ಮತ್ತು ಒಂದು ಸಿಟ್ಟು. ಚಾಕಲೇಟನ್ನು ಕಾಕಾನ ಮೊಮ್ಮಕ್ಕಳು ನಾನು ಬಂದ ದಿನವೇ ಮುಗಿಸಿದರು. ಸಿಟ್ಟನ್ನು ಯಾರೂ ಮುಟ್ಟಿಲ್ಲ, ಹಾಗೇ ಇದೆ.

ಕಲಬುರಗಿಯ ಗಾಜಿಪುರ, ಹೊರಡುವ ಮೊದಲು

ನನ್ನ ಕಸುಬು ಮಿಮಿಕ್ರಿ. ಮದುವೆ, ಗಣಪತಿ, ಕಾಲೇಜಿನ ಗ್ಯಾದರಿಂಗು, ಕರೆದಲ್ಲಿ ಹೋಗುತ್ತೇನೆ. ಸ್ಟೇಶನ್ನಿನ ಅನೌನ್ಸ್‌ಮೆಂಟು, ಸೂಪರ್ ಮಾರ್ಕೆಟ್ ಬಜಾರಿನ ಸೀರೆ ಅಂಗಡಿಯವನು, ಚಳಿಗಾಲದ ಬೆಳಿಗ್ಗೆ ಶುರುವಾಗದ ಆಟೋ, ಎಲ್ಲರ ದನಿಯೂ ನನ್ನ ಗಂಟಲಲ್ಲಿದೆ. ನನ್ನ ಸ್ವಂತ ದನಿ ಮಾತ್ರ ಆ ಆಟೋದ ಹಾಗೆಯೇ, ಒದ್ದರೆ ಶುರುವಾಗುತ್ತದೆ. ಪಕ್ಕದ ಓಣಿಯಲ್ಲಿ ಬೆಳೆದು, ಈಗ ಇಂಗ್ಲೆಂಡಿನ ಡರ್ಬಿ ಎಂಬ ಊರಿನಲ್ಲಿ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಗುರುರಾಜಣ್ಣ ಅಲ್ಲಿನ ಕನ್ನಡದವರನ್ನು ನಗಿಸಲು ನನ್ನನ್ನು ಕರೆಸಿದ. ಶನಿವಾರ ಒಂದು ಕಾರ್ಯಕ್ರಮ, ಸೋಮವಾರ ವಾಪಸ್ಸು.

ಮನೆಯಲ್ಲಿ ಅವ್ವ ಮಲಗಿದ್ದಳು. ಹೊಟ್ಟೆಯ ಕ್ಯಾನ್ಸರ್. ಇನ್ನು ಔಷಧಿ ನೋವಿಗೆ ಮಾತ್ರ, ರೋಗಕ್ಕಲ್ಲ ಎಂದು ಡಾಕ್ಟರು ಮನೆಗೆ ಕಳಿಸಿ ಎಂಟು ತಿಂಗಳಾಗಿತ್ತು. ಅವಳನ್ನು ನೋಡಿಕೊಳ್ಳುವವರು "ನಾವೆಲ್ಲ". ಈ ನಾವೆಲ್ಲ ಎಂಬವರ ಹೆಸರು ಸುವರ್ಣಾ, ಅಣ್ಣನ ಹೆಂಡತಿ, ನನ್ನ ವೈನಿ. ಅಣ್ಣ ಬೆಳಿಗ್ಗೆ ಸೀರೆ ಅಂಗಡಿಗೆ ಹೋಗುವಾಗ "ಅವ್ವಾ, ಹುಷಾರು" ಅನ್ನುತ್ತಿದ್ದ. ನಾನು ಎದ್ದ ಮೇಲೆ ಬಾಗಿಲಲ್ಲಿ ನಿಂತು ಒಂದು ನಗೆಚಟಾಕಿ ಹಾರಿಸುತ್ತಿದ್ದೆ. ಉಳಿದದ್ದು ವೈನಿ: ಹೊರಳಿಸುವುದು, ಒರೆಸುವುದು, ಹಾಸಿಗೆ ಬದಲಿಸುವುದು, ನೋವಿನ ಗುಳಿಗೆಯ ಹೊತ್ತು ನೋಡುವುದು, ಮತ್ತು ಮಾತಾಡಿಸಲು ಬಂದವರಿಗೆ ಚಹಾ.

ಈ ಮಾತಾಡಿಸಲು ಬರುವವರ ಬಗ್ಗೆ ನಾನು ಸ್ವಲ್ಪ ಮಾತಾಡಬೇಕು. ನಮ್ಮಲ್ಲಿ ಒಬ್ಬರು ಮಲಗಿದ್ದಾರೆ ಎಂದು ಗೊತ್ತಾದರೆ ಹೋಗಿ ಮಾತಾಡಿಸಬೇಕು, ಹೋಗದಿದ್ದರೆ ತಪ್ಪು. ಹೋದವರು ಕೂಡಬೇಕು. ಕೂತವರಿಗೆ ರೋಗದ ಕಥೆ ಮೊದಲಿನಿಂದ ಹೇಳಬೇಕು. ಕೇಳಿದ ಮೇಲೆ ಅವರು ಬೀದರಿನಲ್ಲಿ ಇಂಥದೇ ರೋಗ ಕಷಾಯದಿಂದ ವಾಸಿಯಾದವರ ಕಥೆ ಹೇಳಬೇಕು. ಅಷ್ಟರಲ್ಲಿ ಚಹಾ ಬರಬೇಕು. ಬರುವವರೆಲ್ಲ ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಹಿಡಿದು ಬರುತ್ತಿದ್ದರು. ಅವ್ವನಿಗೆ ಎರಡು ಚಮಚೆ ಗಂಜಿ ಇಳಿಯುವುದೇ ಕಷ್ಟ. ಕಮಲಾಪುರ ವೈನಿಯ ತವರು. ಬಸ್ಸು ಹತ್ತಿದರೆ ಗಂಟೆಯ ಹಾದಿ. ಎಂಟು ತಿಂಗಳಲ್ಲಿ ಅವಳು ಒಮ್ಮೆಯೂ ಹೋಗಿರಲಿಲ್ಲ. ಅವಳು ಹೋಗಲಾಗದ ಊರಿನ ಹಣ್ಣು ಮಾತ್ರ ದಿನಾ ನಮ್ಮ ಮನೆಗೆ ಬರುತ್ತಿತ್ತು. ಅದನ್ನು ತೊಳೆದು ತಟ್ಟೆಯಲ್ಲಿಟ್ಟು ತಂದವರಿಗೇ ಕೊಡುವುದೂ ಅವಳ ಕೆಲಸ.

ಎಲ್ಲರಿಗಿಂತ ದೊಡ್ಡವನು ಕಾಕಾ, ಅಪ್ಪನ ತಮ್ಮ. ಅಪ್ಪ ತೀರಿದ ಮೇಲೆ ನಮ್ಮ ಮನೆಯಲ್ಲಿ ಅವನ ಮಾತೇ ಮಾತು. ಪ್ರತಿ ರವಿವಾರ ಬಂದು, ಮೂರು ಸಲ ಕೆಮ್ಮಿ, ಕುರ್ಚಿಯಿಂದ ಏಳದೆ ಶುರು ಮಾಡುವನು.

"ಸುವರ್ಣಾ, ಬೆನ್ನು ಒರಿಸಿಯೇನು? ಬೆನ್ನು ಹುಣ್ಣಾಗಬಾರದು. ತಿಳೀತಿಲ್ಲ?"

ಅವನ ಪ್ರತಿ ಮಾತಿನ ಬಾಲಕ್ಕೆ ಒಂದು "ತಿಳೀತಿಲ್ಲ?" ಇರುತ್ತದೆ. ಅವನು ಹೋದ ಮೇಲೆ ನಾನು ಅದನ್ನೇ ಅನುಕರಿಸುತ್ತಿದ್ದೆ, ಅವ್ವ ನಗುತ್ತಿದ್ದಳು. ವೈನಿ ಪಾತ್ರೆ ತಿಕ್ಕುತ್ತ ನಗುತ್ತಿದ್ದಳು. ನಾನು ದೊಡ್ಡ ಉಪಕಾರ ಮಾಡಿದವನ ಹಾಗೆ ಹೊರಗೆ ಹೋಗುತ್ತಿದ್ದೆ.

ಇನ್ನೊಂದು ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಮೋಸವಾದೀತು. ಸ್ಟೇಜಿನ ಮೇಲೆ ನನಗೆ ಹೆಚ್ಚು ಚಪ್ಪಾಳೆ ತಂದ ಐಟಮ್ಮು ಕಾಕಾ ಅಲ್ಲ, ವೈನಿ. ಒಂದು ಕೈಯಲ್ಲಿ ಅತ್ತೆಯ ಬೆನ್ನು, ಕಿವಿಗೂ ಭುಜಕ್ಕೂ ನಡುವೆ ಫೋನು, ಒಳಗೆ ಕುಕ್ಕರಿನ ಸೀಟಿ, "ಶರಣು, ಒಂದು ಕೈ ಹಚ್ಚರಿ ಬರ್ರಿ" ಎನ್ನುವ ಕೂಗು. ಮೂರನೆಯ ಕೂಗಿಗೆ ದನಿ ಒಡೆಯುತ್ತದೆ. ಅಲ್ಲಿ ಜನ ಬಿದ್ದು ಬಿದ್ದು ನಗುತ್ತಿದ್ದರು. ಶರಣು ಎಂದರೆ ನಾನು. ಆ ಕೂಗಿಗೆ ಕೈ ಹಚ್ಚದೆ ಅದನ್ನು ಕಲಿತುಕೊಂಡವನು.

ಹೊರಡುವ ದಿನ ವೈನಿ ನನ್ನ ಚೀಲಕ್ಕೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ತುಂಬುತ್ತ ಹೇಳಿದಳು, "ಮುಂದಿನ ಗುರುವಾರ ಲತಾನ ಕುಬಸ ಅದ. ನೀವು ಮನಿಯಾಗ ಇದ್ರ ನಾ ಒಂದು ದಿನ ಕಮಲಾಪುರಕ್ಕ ಹೋಗಿ ಬರ್ತೀನಿ."

ಲತಾ ಅವಳ ತಂಗಿ, ಚೊಚ್ಚಲ ಬಸುರಿ. ಅಕ್ಕ ಹೋಗಿ ಸೀಮಂತದ ಕುಬಸ ತೊಡಿಸದಿದ್ದರೆ ಹೇಗೆ?

"ಸೋಮವಾರ ಹೊಂಟು ಬುಧವಾರ ಅನ್ನೋದ್ರಾಗ ಇಲ್ಲಿರ್ತೀನಿ, ಬಿಡ್ರಿ ವೈನಿ" ಎಂದೆ. ಮಾತು ಕೊಡುವುದರಲ್ಲಿ ನಮ್ಮ ಮನೆಯ ಗಂಡಸರು ಎಂದೂ ಹಿಂದೆ ಬಿದ್ದಿಲ್ಲ.

ಡರ್ಬಿ, ಬುಧವಾರ

ಡರ್ಬಿ ಮುಟ್ಟಿದ ಮರುದಿನವೇ ಮಾತು ಮುರಿದೆ. ಮ್ಯಾಂಚೆಸ್ಟರಿನವರೂ ಮುಂದಿನ ಶನಿವಾರ ಕಾರ್ಯಕ್ರಮ ಕೇಳುತ್ತಿದ್ದಾರೆ, ಒಂದು ವಾರ ಹೆಚ್ಚಿಗೆ ಇರು ಎಂದು ಗುರುರಾಜಣ್ಣ ಹೇಳಿದ. ನಾನು ವಿಚಾರ ಮಾಡಿದೆ ಅನ್ನಲೂ ನಾಚಿಕೆ. ಕೂಡಲೇ ಹೂಂ ಎಂದೆ. ವೈನಿಗೆ ಫೋನು ಹಚ್ಚಿದೆ.

"ಆಯ್ತು ಬಿಡ್ರಿ" ಎಂದಳು. "ಲತಾಗ ಹೇಳ್ತೀನಿ. ಅಲ್ಲಿ ಥಂಡಿ ಭಾಳ ಏನು? ಕಿವಿಗಿ ಕಟ್ಟಿಕೊಳ್ರಿ."

ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಬೈಗುಳದ ಅನುಕರಣೆ ಸುಲಭ. ಕಿವಿಗೆ ಕಟ್ಟಿಕೊಂಡೆ.

ಡರ್ಬಿ, ಗುರುವಾರ

ಗುರುರಾಜಣ್ಣನ ಪಕ್ಕದ ಮನೆಯಲ್ಲಿ ಬ್ರಯಾನ್ ಎಂಬ ಮುದುಕ, ಬಸ್ ಓಡಿಸಿ ನಿವೃತ್ತನಾದವನು. ಹೆಂಡತಿ ಮೋರೀನ್, ಅವ್ವನ ಹಾಗೆಯೇ ಕೊನೆಯ ಹಂತದ ಕ್ಯಾನ್ಸರ್, ಮನೆಯಲ್ಲೇ ಮಲಗಿದ್ದಾಳೆ. ಗುರುರಾಜಣ್ಣ ಅಂಗಡಿಗೆ ಓಡುತ್ತ ಬಾಗಿಲಿನಿಂದಲೇ ಕೂಗಿದ.

"ಅರೇ ಶರಣು, ಇವತ್ತು ಗುರುವಾರ ನನ್ನ ಪಾಳಿ, ಅಂಗಡಿಯಾಗ ಯಾರೂ ಇಲ್ಲ. ಎರಡಕ್ಕ ಬ್ರಯಾನನ ಮನಿಗಿ ಹೋಗಿ ಮೋರೀನ್ ಹತ್ರ ಕೂತು ಬಾ."

ಹೋಗಿ ಕೂತು ಬಾ. ಇದಕ್ಕೆ ಯಾವ ತರಬೇತಿ ಬೇಕು? ನಮ್ಮ ಊರಿನವರು ಹುಟ್ಟುತ್ತಲೇ ಕಲಿತ ವಿದ್ಯೆ. ಮೂಲೆಯ ಅಂಗಡಿಯಲ್ಲಿ ಬಾಳೆಹಣ್ಣು ತೆಗೆದುಕೊಂಡೆ, ಹಳದಿಯವು, ಬೇರೆ ಸಿಗಲಿಲ್ಲ. ಮುಖವನ್ನು ಕಾಕಾನ ಮುಖದ ಹಾಗೆ ಗಂಭೀರ ಮಾಡಿಕೊಂಡು ಬಾಗಿಲು ಬಡಿದೆ. ಬ್ರಯಾನ್ ತೆರೆದ. ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. "ಎಲ್ಲಾ ಚಲೋ ಆಗ್ತದ" ಎಂಬ ಅರ್ಥದ ಇಂಗ್ಲಿಷ್ ಹೇಳಿದೆ. ನನ್ನ ಇಂಗ್ಲಿಷು ವಾಡಿ ಜಂಕ್ಷನ್ನಿನ ತನಕ ಸರಿಯಾಗಿ ಓಡುತ್ತದೆ, ಮುಂದೆ ಸಿಗ್ನಲ್ ಸಿಗುವುದಿಲ್ಲ. ಆಮೇಲೆ ಚಹಾದ ದಾರಿ ಕಾಯುತ್ತ ಕೂತೆ.

ಬ್ರಯಾನ್ ಕೋಟು ಹಾಕಿಕೊಂಡ. ಗೋಡೆಗೆ ಅಂಟಿಸಿದ ಒಂದು ಹಾಳೆ ತೋರಿಸಿ, "ಐದಕ್ಕ ಬರ್ತೀನಿ" ಎಂದು ಹೇಳಿ ಹೋಗಿಬಿಟ್ಟ. (ಇವರ ಇಂಗ್ಲಿಷನ್ನು ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಹಾಗೆಯೇ ಬಿತ್ತು.)

ಮನೆಗೆ ಮಾತಾಡಿಸಲು ಬಂದವನನ್ನು ಬಿಟ್ಟು ಮನೆಯ ಯಜಮಾನನೇ ಎದ್ದು ಹೋಗುವುದೆಂದರೆ? ಗಾಜಿಪುರದಲ್ಲಾದರೆ ಮೂರು ತಲೆಮಾರು ಮಾತು ಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಆ ಸಿಟ್ಟಿನಲ್ಲೇ ಗೋಡೆಯ ಹಾಳೆ ಓದಿದೆ. ವಾರದ ದಿನಗಳು, ಎದುರಿಗೆ ಹೆಸರುಗಳು. ಮಂಗಳವಾರ ಎದುರು ಮನೆಯಾಕೆ, ಬಟ್ಟೆ ಒಗೆಯುವುದು. ಗುರುವಾರ ಎರಡರಿಂದ ಐದು ಗುರುರಾಜ, ಮೋರೀನಳ ಹತ್ತಿರ. ಶನಿವಾರ ಇನ್ನೊಬ್ಬ, ಸಂತೆ. ಅಂದರೆ ಈ ಮೂರು ಗಂಟೆ ನಾನು ಅತಿಥಿಯಲ್ಲ. ನಾನು ಆಳು.

ಮೋರೀನ್ ಕಣ್ಣು ತೆರೆದು ನೀರು ಎಂದಳು.

ನಾನು ಲೋಟ ತೆಗೆದುಕೊಂಡು ನಿಂತೆ. ಮಲಗಿದವರಿಗೆ ನೀರು ಹೇಗೆ ಕುಡಿಸಬೇಕು? ತಲೆ ಎತ್ತಬೇಕೇ, ಎತ್ತಬಾರದೇ? ಎಂಟು ತಿಂಗಳಿಂದ ನನ್ನ ಮನೆಯಲ್ಲೇ ದಿನಾ ಹತ್ತು ಸಲ ನಡೆಯುವ ಕೆಲಸ. ಆ ಹೊತ್ತಿನಲ್ಲಿ ವೈನಿಯ ದನಿ ಹೇಗಿರುತ್ತದೆ ಎಂದು ಕೇಳಿದ್ದರೆ ಉಸಿರಿನ ಸಮೇತ ಮಾಡಿ ತೋರಿಸುತ್ತಿದ್ದೆ. ಕೈ ಹೇಗಿರುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ.

"ಆ ಕಡ್ಡಿಗಿ ಸ್ಪಂಜು ಅದ ನೋಡು" ಎಂದಳು ಮೋರೀನ್. "ಅದನ್ನ ಅದ್ದಿ ತುಟಿಗಿ ಹಚ್ಚು. ಹೆದರಬ್ಯಾಡ, ನಾ ಇವತ್ತ ಸಾಯಾಂಗಿಲ್ಲ. ಇವತ್ತ ಬ್ರಯಾನನ ಸೂಟಿ."

ತುಟಿ ಒದ್ದೆಯಾದ ಮೇಲೆ ಅವಳು ನಾನು ಯಾರು, ಏನು ಕೆಲಸ ಎಂದು ಕೇಳಿದಳು. ನಮ್ಮ ಸ್ಟೇಶನ್ನಿನ ಅನೌನ್ಸ್‌ಮೆಂಟು ಮಾಡಿ ತೋರಿಸಿದೆ. ನಕ್ಕಳು, ನಗುವಾಗ ಹೊಟ್ಟೆ ಹಿಡಿದುಕೊಂಡಳು, ನಿಲ್ಲಿಸು ಎಂದು ಕೈ ಮಾಡಿದಳು.

"ಬ್ರಯಾನ್ ಎಲ್ಲಿ ಹೋಗ್ಯಾನ?" ಎಂದು ಕೇಳಿದೆ.

"ಮೀನ ಹಿಡ್ಯಾಕ ಅಂತ ಹೇಳ್ತಾನ. ಒಂದು ಮೀನೂ ತಂದಿಲ್ಲ. ಕಾಲುವಿ ಬಾಜೂಕ ಕಾರ್ ನಿಲ್ಲಿಸಿ ಮಲಗ್ತಾನ. ನನಗ ಗೊತ್ತಿಲ್ಲ ಅಂತ ತಿಳ್ಕೊಂಡಾನ, ಪಾಪ."

ಸ್ವಲ್ಪ ಹೊತ್ತಿನ ಮೇಲೆ ನಮ್ಮ ಅವ್ವನ ಸುದ್ದಿ ಬಂತು. ಯಾರು ನೋಡಿಕೊಳ್ಳುತ್ತಾರೆ ಎಂದಳು. ಅಭ್ಯಾಸದಂತೆ ನಾವೆಲ್ಲ ಎಂದೆ. ಅವಳು ನನ್ನ ಕೈಯಲ್ಲಿದ್ದ ಸ್ಪಂಜಿನ ಕಡ್ಡಿ ನೋಡಿದಳು. ನೀರು ಕುಡಿಸಲು ಬಾರದವನ ವಿರುದ್ಧ ಆ ಕಡ್ಡಿಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

"ನಮ್ಮ ವೈನಿ" ಎಂದೆ.

"ಆಕಿಗಿ ಗುರುವಾರ ಸೂಟಿ ಯಾರು ಕೊಡ್ತಾರ?"

ನಮ್ಮಲ್ಲಿ ಗುರುವಾರ ದೇವರಿಗೆ, ದರ್ಗಾಕ್ಕೆ, ಮಠಕ್ಕೆ. ಮನೆಯ ಹೆಣ್ಣುಮಗಳಿಗೆ ಯಾವ ವಾರವನ್ನೂ ಯಾರೂ ಬರೆದಿಟ್ಟಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಹೇಳುವಷ್ಟು ಹಳಿ ನನ್ನ ಬಳಿ ಇರಲಿಲ್ಲ. ಸ್ಪಂಜನ್ನು ಮತ್ತೆ ನೀರಿಗೆ ಅದ್ದಿದೆ.

ಐದಕ್ಕೆ ಬ್ರಯಾನ್ ಬಂದ. ಕೈಯಲ್ಲಿ ಮೀನಿಲ್ಲ, ಕೆನ್ನೆಯ ಮೇಲೆ ಸೀಟಿನ ಬೆಲ್ಟಿನ ಗೆರೆ. ಅವನ ಹಿಂದೆಯೇ ಒಬ್ಬ ನರ್ಸು ಬಂದಳು. ಬಂದವಳು ಮೊದಲು ಕೇಳಿದ್ದು ಮೋರೀನಳನ್ನಲ್ಲ, ಬ್ರಯಾನನನ್ನು. ಈ ವಾರ ನಿದ್ದೆ ಹೇಗಿದೆ? ಬೆನ್ನು ನೋವು? ಅವನು "ಮೋರೀನ್ ಬೆಳಿಗ್ಗೆ ಸ್ವಲ್ಪ..." ಎಂದು ಶುರು ಮಾಡಿದ. "ಆಕಿದ ಆಮ್ಯಾಲ. ನಿಂದು ಹೇಳು" ಎಂದು ತಡೆದಳು. ಹೇಳಿದ್ದನ್ನು ಬರೆದುಕೊಂಡಳು. ಎತ್ತುವಾಗ ಸೊಂಟ ಬಗ್ಗಿಸಬೇಡ ಎಂದು ಮಡಿಸಿದ ಹಾಸು ಹಿಡಿದು ಮತ್ತೊಮ್ಮೆ ತೋರಿಸಿದಳು.

ನನಗೆ ಕಲಬುರಗಿಯ ಆಸ್ಪತ್ರೆಯ ವರಾಂಡಾ ನೆನಪಾಯಿತು. ಅಲ್ಲಿ ವೈನಿಗೆ ಹೆಸರಿರಲಿಲ್ಲ. "ಪೇಶಂಟ್ ಕಡೆಯೋರು ಯಾರು?" ಎಂದು ಕೂಗಿದರೆ ಅವಳು ಓಡಬೇಕು. ಓಡಿ ನಿಂತರೆ, "ಗಂಡಸರು ಯಾರೂ ಬಂದಿಲ್ಲೇನು?" ಎಂಬ ಪ್ರಶ್ನೆ. ಗುಳಿಗೆಯ ಹೆಸರು, ಹೊತ್ತು, ನೋವು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಆದರೂ ಡಾಕ್ಟರು ಮಾತಾಡಿದ್ದು ಅಣ್ಣನ ಜೊತೆ. ಅಣ್ಣ ತಿರುಗಿ ಅವಳನ್ನೇ ಕೇಳಿ ಡಾಕ್ಟರಿಗೆ ಹೇಳುತ್ತಿದ್ದ. ಅವಳ ಪಕ್ಕದಲ್ಲಿ ನಿಂತು ನಾನು ಆ ವಾರ್ಡ್‌ಬಾಯ್‌ನ ಕೂಗನ್ನು ಕಲಿಯುತ್ತಿದ್ದೆ.

ಹೊರಡುವಾಗ ಬ್ರಯಾನನಿಗೆ ಹೇಳಿದೆ, ನಮ್ಮಲ್ಲಿ ವಾರಕ್ಕೆ ನಲವತ್ತು ಮಂದಿ ನೋಡಲು ಬರುತ್ತಾರೆ.

"ನಲವತ್ತು?" ಅವನ ಮುಖ ನಿಜವಾಗಿಯೂ ಇಳಿಯಿತು. "ನಮ್ಮ ಮಗ ಒಂದು ಕಾರ್ಡ್ ಕಳಸ್ಯಾನ. ಪುಣ್ಯವಂತ್ರು ನೀವು."

ಹಾಳೆಯಲ್ಲಿ ಮೂರೇ ಹೆಸರಿದ್ದವು. ಅವನಿಗೆ ಮಂದಿಯ ಹಸಿವು. ಅದನ್ನು ತೀರಿಸಲು ನಮ್ಮ ನಲವತ್ತರಲ್ಲಿ ಮೂವತ್ತನ್ನು ಅವತ್ತೇ ವಿಮಾನ ಹತ್ತಿಸುತ್ತಿದ್ದೆ. ಕಾಕಾನಿಗೆ ಕಿಟಕಿಯ ಸೀಟು ಕೊಡುತ್ತಿದ್ದೆ.

ಗುರುರಾಜಣ್ಣನ ಮನೆಗೆ ಬಂದವನೇ ಮ್ಯಾಂಚೆಸ್ಟರ್ ಬೇಡ ಎಂದೆ. ವೈನಿಗೆ ಫೋನು ಮಾಡಿ, ಬುಧವಾರದೊಳಗೆ ಬರುತ್ತೇನೆ, ಬ್ಯಾಗು ಕಟ್ಟಿ ಇಡಿ ಎಂದೆ. "ಆಯ್ತು ಬಿಡ್ರಿ" ಎಂದಳು. ಬರುವುದಿಲ್ಲ ಎಂದಾಗಲೂ ಇದೇ ದನಿ. ನನ್ನ ಮಾತಿನ ಬೆಲೆ ಅವಳಿಗೆ ಸರಿಯಾಗಿ ಗೊತ್ತಿತ್ತು.

ಡರ್ಬಿ, ಶನಿವಾರ

ಹಾಲಿನಲ್ಲಿ ನೂರು ಮಂದಿ. ಊಟದಲ್ಲಿ ಜೋಳದ ರೊಟ್ಟಿ, ನಮ್ಮ ರೊಟ್ಟಿಯ ದೂರದ ಸಂಬಂಧಿ. ಗುರುರಾಜಣ್ಣ ಮೈಕು ಹಿಡಿದು, "ಈಗ ಶರಣುನ ಫೇಮಸ್ ವೈನಿ" ಎಂದ. ನಾನು ವೈನಿಯನ್ನು ಮಾಡಲಿಲ್ಲ. ಮಾತಾಡಿಸಲು ಬರುವವರನ್ನು ಮಾಡಿದೆ. ಹಣ್ಣಿನ ಚೀಲ, ಬೀದರಿನ ಕಷಾಯ, ಕಾಕಾನ ಮೂರು ಕೆಮ್ಮು. ಮೊದಲು ನಕ್ಕರು. ಅಣ್ಣನ ಪಾತ್ರ ಬಂತು, ನಕ್ಕರು. ಕೊನೆಗೆ ಮಿಮಿಕ್ರಿ ಮಾಡುವ ಮೈದುನನನ್ನು ಮಾಡಿದೆ: ಬಾಗಿಲಲ್ಲಿ ನಿಂತು ಒಂದು ಚಟಾಕಿ, ಹೊರಗೆ. ಯಾರೂ ನಗಲಿಲ್ಲ.

"ಏನೋ ಇದು? ನಗಸಾಕ ಕರಸಿದ್ರ ಎಲ್ಲರ ಮುಖಕ್ಕ ಕನ್ನಡಿ ಹಿಡಿತಿ" ಎಂದು ಗುರುರಾಜಣ್ಣ ಸಿಟ್ಟಾದ. ಊಟದ ಸಾಲಿನಲ್ಲಿ ಒಬ್ಬ ಹೆಂಗಸು ಬಂದು ಸಣ್ಣ ದನಿಯಲ್ಲಿ ಹೇಳಿದಳು, "ಊರಾಗ ನಮ್ಮ ಅಮ್ಮನ್ನ ತಂಗಿ ನೋಡ್ಕೋತಾಳ. ನಾ ರವಿವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡಿ ಅದು ಹಾಕು, ಇದು ಹಾಕು ಅಂತೀನಿ." ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿಕೊಂಡಳು. "ನಿಮ್ಮ ಕಾಕಾನಂಗ ಕೆಮ್ಮಾಂಗಿಲ್ಲ, ಅಷ್ಟ" ಎಂದು ಹೋದಳು.

ಸ್ಟೇಶನ್ ಬಜಾರ್, ಮಂಗಳವಾರ

ಹೈದರಾಬಾದಿನಲ್ಲಿ ಇಳಿದು, ರೈಲಿನಲ್ಲಿ ನಿಂತೇ ಬಂದು, ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ಆಟೋ ಹಿಡಿದೆ. ಮನೆಗೆ ಬಂದವನೇ ಅವ್ವನ ಆಸ್ಪತ್ರೆಯ ಫೈಲು ತೆಗೆದೆ. ಅದರ ಕೊನೆಯ ಹಾಳೆಯ ಹಿಂಬದಿಯಲ್ಲಿ ಒಂದು ಫೋನ್ ನಂಬರು ಇತ್ತು. ಮನೆಗೆ ಬಂದು ರೋಗಿಯನ್ನು ನೋಡಿ, ನೋಡಿಕೊಳ್ಳುವವರಿಗೆ ಕಲಿಸಿ ಹೋಗುವ ನರ್ಸಿನದು. ಇಲ್ಲೇ, ಕಲಬುರಗಿಯಲ್ಲೇ. ಎಂಟು ತಿಂಗಳಿಂದ ಅದು ಟ್ರಂಕಿನಲ್ಲಿತ್ತು.

"ವೈನಿ, ಇದನ್ನ ಯಾರೂ ನೋಡೇ ಇಲ್ಲಲ್ರಿ."

"ನಾ ನೋಡಿದ್ದೆ" ಎಂದಳು ಅವಳು, ಅವ್ವನ ದುಪ್ಪಟಿ ಮಡಿಸುತ್ತ. "ಮೊದಲನೇ ವಾರಾನೇ ಹೇಳಿದ್ದೆ. ಕಾಕಾ, ಹೊರಗಿನೋರು ಯಾಕ ಬೇಕು, ಮನಿಯಾಗ ಸೊಸಿ ಇಲ್ಲೇನು ಅಂದ್ರು. ನಿಮ್ಮಣ್ಣ ಸುಮ್ಮನ ಕೂತ್ರು. ನೀವೂ ಅಲ್ಲೇ ಇದ್ರಿ."

ಇದ್ದೆ. "ಮನಿಯಾಗ ಸೊಸಿ ಇಲ್ಲೇನು, ತಿಳೀತಿಲ್ಲ?" ಎಂಬುದು ಕಾಕಾನ ಐಟಮ್ಮಿನಲ್ಲಿ ನನ್ನ ಎರಡನೆಯ ಸಾಲು. ಆ ಮಾತಿನ ಏರಿಳಿತ ಕೇಳಿದ್ದೆ, ಮಾತು ಕೇಳಿರಲಿಲ್ಲ.

ಆ ನಂಬರಿಗೆ ಹಚ್ಚಿದೆ. ಬುಧವಾರ ನರ್ಸು ಬಂದಳು. ಹಾಸು ಮಡಿಸಿ ಎತ್ತುವುದನ್ನು ನನಗೂ ಅಣ್ಣನಿಗೂ ಕಲಿಸಿದಳು. ಅಣ್ಣ, "ನಾ ಅಂಗಡಿಗಿ..." ಎಂದು ಗಡಿಯಾರ ನೋಡಿದ. "ಅಣ್ಣಾ, ಸೀರಿ ನಾಳಿಗೂ ಇರ್ತಾವ. ಹಿಡಿ ಆ ಕಡಿ" ಎಂದೆ. ಹಿಡಿದ. ಹಾಸಿನ ಯಾವ ತುದಿ ಎಂದು ನರ್ಸನ್ನು ಕೇಳಿದ. ಅವನೂ ಮೊದಲ ಸಲ ಅವ್ವನನ್ನು ಎತ್ತುತ್ತಿದ್ದ.

ಗಾಜಿಪುರ, ಗುರುವಾರ

ವೈನಿ ಬೆಳಗಿನ ಬಸ್ಸಿಗೆ ಹೋದಳು. ಹೊಸಿಲ ಮೇಲೆ ನಾಲ್ಕು ಸಲ ತಿರುಗಿ ಗುಳಿಗೆಯ ಹೊತ್ತು ಹೇಳಿದಳು. ಐದನೆಯ ಸಲ ತಿರುಗುವಷ್ಟರಲ್ಲಿ ನಾನು ಬಾಗಿಲು ಹಾಕಿದೆ.

ಹನ್ನೊಂದಕ್ಕೆ ಮಾತಾಡಿಸಲು ಇಬ್ಬರು ಬಂದರು, ಅಪ್ಪನ ಕಡೆಯ ದೂರದ ನೆಂಟರು, ಕೈಯಲ್ಲಿ ಕೆಂಪು ಬಾಳೆಹಣ್ಣು. ಕೂತರು. ಗಂಡಸು ಅಡುಗೆಮನೆಯ ಕಡೆ ನೋಡಿದ.

"ಸೊಸಿ ಇಲ್ಲೇನೋ?"

"ಇಲ್ರಿ. ಬಂದಿರಿ, ಭಾಳ ಚಲೋ ಆತು" ಎಂದು ಒದ್ದೆ ದುಪ್ಪಟಿಯ ಒಂದು ತುದಿ ಅವನ ಕೈಗೆ ಕೊಟ್ಟೆ. "ಹಿಂಡ್ರಿ. ಆಮ್ಯಾಲ ಬೀದರಿನ ಕಥಿ ಹೇಳ್ರಿ." ಹಿಂಡಿದ. ಕಥೆ ಹೇಳಲಿಲ್ಲ. ಹತ್ತು ನಿಮಿಷದಲ್ಲಿ ಇಬ್ಬರಿಗೂ ಬೇರೆ ಕೆಲಸ ನೆನಪಾಯಿತು. ಅವ್ವ ಹಾಸಿಗೆಯಲ್ಲಿ ತುಟಿ ಬಿಗಿಹಿಡಿದು ನಗುತ್ತಿದ್ದಳು.

ಮಧ್ಯಾಹ್ನ ಗಂಜಿ ಕುಡಿಸುವಾಗ ಅವ್ವನ ಸಣ್ಣ ಚಮಚೆ ಸಿಗಲಿಲ್ಲ. ವೈನಿಯ ಫೋನಿಗೆ ಹಚ್ಚಿದೆ. ಲತಾ ಎತ್ತಿದಳು. ಹಿಂದೆ ಹೆಂಗಸರ ಗದ್ದಲ.

"ಅಕ್ಕ ಮಲಗ್ಯಾಳ್ರಿ" ಎಂದಳು. "ಬಂದಾಕಿ ಚಾ ಕುಡದು ಗ್ವಾಡಿಗಿ ಒರಗಿದ್ಳು, ಅಲ್ಲೇ ನಿದ್ದಿ ಹತ್ತಿಬಿಟ್ಟದ. ಇನ್ನಾ ಕುಬಸ ಆಗಿಲ್ರಿ. ಎಲ್ಲಾರೂ ಆಕಿ ದಾರಿ ಕಾಯಾಕತ್ತಾರ."

ಹಿಂದಿನಿಂದ ಒಂದು ಹೆಂಗಸಿನ ದನಿ: "ಎಬ್ಬಿಸ್ರಿ ಆಕಿನ್ನ. ತಂಗಿ ಕುಬಸಕ್ಕ ಬಂದು ಮಲಗೋದೇನು?" ಇನ್ನೊಂದು: "ಗಾಜಿಪುರದಾಗ ನಿದ್ದಿ ಮಾಡಾಕ ಬಿಡಾಂಗಿಲ್ಲೇನು?" ನಗು. ಆಮೇಲೆ ವೈನಿಯ ಸೋದರಮಾವ ಫೋನು ತೆಗೆದುಕೊಂಡ. "ಯಾರು, ಶರಣು ಏನು? ತಡಿ, ಎಬ್ಬಿಸಿ ಕೊಡ್ತೀನಿ."

ನನ್ನ ಮಾತು ಯಾರು ಕೇಳುತ್ತಾರೆ? ಮದುವೆಗಳಲ್ಲಿ ಆಟೋದ ಸದ್ದು ಮಾಡುವ ಹುಡುಗ ನಾನು. ಕಾಲುವೆಯ ದಂಡೆಯಲ್ಲಿ ಬ್ರಯಾನ್ ಮಲಗುವ ಕಾರು ಕಣ್ಣ ಮುಂದೆ ಬಂತು. ಗಂಜಿಯ ಬಟ್ಟಲು ಕೆಳಗಿಟ್ಟು ಮೂರು ಸಲ ಕೆಮ್ಮಿದೆ.

"ಶರಣು ಅಲ್ಲ. ನಾ ಅವರ ಕಾಕಾ ಮಾತಾಡಾಕತ್ತೀನಿ."

ಆ ಕಡೆ ಗದ್ದಲ ನಿಂತಿತು. "ನಮಸ್ಕಾರ್ರೀ ಅಣ್ಣಾರ."

"ಸುವರ್ಣಾನ್ನ ಎಬ್ಬಿಸಬ್ಯಾಡ್ರಿ. ಎಂಟು ತಿಂಗಳ ನಿದ್ದಿ ಅದು. ಆಕಿ ತಾನಾಗೇ ಏಳಲಿ, ಆಮ್ಯಾಲ ಕುಬಸ ಮಾಡ್ರಿ. ಮುಹೂರ್ತ ಕಾಯ್ತದ. ಯಾರರೆ ಆಕಿ ಮ್ಯಾಲ ಒಂದು ದುಪ್ಪಟಿ ಹಾಕ್ರಿ, ಬಾಜೂಕ ಮಾತಾಡಬ್ಯಾಡ್ರಿ. ತಿಳೀತಿಲ್ಲ?"

"ಆಯ್ತ್ರೀ, ಆಯ್ತ್ರೀ. ನೀವು ಅಂದ ಮ್ಯಾಲ ಮುಗೀತು." ಅವನು ದನಿ ಇಳಿಸಿ ಯಾರಿಗೋ ಹೇಳುವುದು ಕೇಳಿಸಿತು: "ದೊಡ್ಡವರು ಹೇಳ್ಯಾರ, ಹೊರಗ ನಡೀರಿ ಎಲ್ಲಾರೂ."

ಫೋನು ಇಟ್ಟೆ. ಅವ್ವ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ದೊಡ್ಡ ಚಮಚೆಯಲ್ಲೇ ಸ್ವಲ್ಪ ಸ್ವಲ್ಪ ಗಂಜಿ ಹಾಕಿದೆ. ಎರಡು ಗುಟುಕು ಇಳಿದ ಮೇಲೆ ಸಾಕು ಎಂದು ಕೈ ಮಾಡಿದಳು.

"ದನಿ ಬರೋಬ್ಬರಿ ಬಂತು" ಎಂದಳು. "ಆದ್ರ ಅಂವ ಹಂಗ ಎಂದೂ ಅಂದಾಂವಲ್ಲ."